ಮಾವನ ಬ್ಯಾಟರಿ ಬೀಡಿ

ನಮ್ಮ ಮನೆಯಲ್ಲಿ ಬದುಕಿರುವವರಿಗೆ ಎಷ್ಟು ಬೇಕಾದರೂ ಸುಳ್ಳು ಹೇಳಬಹುದು, ಸತ್ತವರಿಗೆ ಹೇಳುವಂತಿಲ್ಲ. ಪಿತೃಪಕ್ಷದಲ್ಲಿ ಹಿರಿಯರಿಗೆ ಬಾಳೆಲೆಯ ಮೇಲೆ ಎಡೆ ಇಡುವಾಗ, ಅವರವರು ಬದುಕಿದ್ದಾಗ ಏನು ತಿನ್ನುತ್ತಿದ್ದರೋ, ಏನು ಕುಡಿಯುತ್ತಿದ್ದರೋ, ಏನು ಸೇದುತ್ತಿದ್ದರೋ ಅದನ್ನೇ ಇಡಬೇಕು. ನಮ್ಮ ಅತ್ತೆಯ ಅತ್ತೆಗೆ ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು. ಅವರ ಯಜಮಾನರಿಗೆ ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣ, ಒಂದು ಕ್ವಾರ್ಟರ್ ಬ್ರಾಂದಿ. ಎಲ್ಲ ಇಟ್ಟು, ಧೂಪ ಹಾಕಿ, ಬಾಗಿಲು ಮುಚ್ಚಿಕೊಂಡು ಹೊರಗೆ ಬರುತ್ತೇವೆ. ಹಿರಿಯರು ಬಂದು ಉಂಡು ಹೋಗಲಿ ಎಂದು ಸ್ವಲ್ಪ ಹೊತ್ತು ಯಾರೂ ಆ ಕಡೆ ತಲೆ ಹಾಕುವುದಿಲ್ಲ. ಇಷ್ಟವಿಲ್ಲದ್ದನ್ನು ಇಟ್ಟರೆ ಅವರು ಎಡೆ ಮುಟ್ಟುವುದಿಲ್ಲ, ಮುಟ್ಟದೆ ಹೋದರೆ ವರ್ಷವೆಲ್ಲ ಮನೆಯಲ್ಲಿ ಒಂದಲ್ಲ ಒಂದು ಕಿರಿಕಿರಿ. ನಾನು ಕುಣಿಗಲ್ ಕಡೆಯವಳು. ನಮ್ಮ ತವರಿನಲ್ಲೂ ಇದೇ ಪದ್ಧತಿ. ಹಾಗಾಗಿ ಮದುವೆಯಾಗಿ ಬಂದಾಗ ಈ ವಿಷಯದಲ್ಲಿ ಹೊಸದಾಗಿ ಕಲಿಯುವುದೇನೂ ಇರಲಿಲ್ಲ. ಹೊಸದಾಗಿ ಸಹಿಸಬೇಕಾಗಿ ಬಂದದ್ದು ಮಾವನ ಬೀಡಿ.

ನಾವೆಲ್ಲ ಇದ್ದದ್ದು ತುಮಕೂರಿನ ಸದಾಶಿವನಗರದಲ್ಲಿ. ತೆಂಗಿನ ತೋಟ ಗುಬ್ಬಿ ಹತ್ತಿರ. ಮಾವ ವಾರದಲ್ಲಿ ಎರಡು ಮೂರು ದಿನ ಬೆಳಗ್ಗೆ ಬಸ್ಸು ಹತ್ತಿ ತೋಟಕ್ಕೆ ಹೋಗಿ, ಸಂಜೆ ಒಂದು ಚೀಲ ಕಾಯಿ ಹೊತ್ತುಕೊಂಡು ಬರುತ್ತಿದ್ದರು. ಉಳಿದ ದಿನ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಬೀಡಿ ಸೇದುತ್ತಿದ್ದರು. ಅವರು ಕೋಣೆಗೆ ಬರುವ ಮೊದಲೇ ವಾಸನೆ ಬರುತ್ತಿತ್ತು, ಹೋದ ಮೇಲೂ ಇರುತ್ತಿತ್ತು. ಪರದೆ, ದಿಂಬು, ಫ್ರಿಜ್ಜಿನ ಹಿಡಿ, ದೇವರ ಪಟದ ಗಾಜು, ಎಲ್ಲಕ್ಕೂ ಅದೇ ವಾಸನೆ. ನಾನು ಹೊಸ ಸೊಸೆಯಾಗಿದ್ದ ಕಾಲಕ್ಕೆ ಸುಮ್ಮನಿದ್ದೆ. ನನ್ನ ಬಾಯಿ ನನಗೇ ಗೊತ್ತಿದ್ದರಿಂದ ಸುಮ್ಮನಿರುವುದಕ್ಕೆ ಕಷ್ಟಪಟ್ಟೆ.

ಮಗಳು ಹುಟ್ಟಿದಳು. ಬಾಣಂತನ ಮುಗಿಸಿಕೊಂಡು ಕುಣಿಗಲ್‌ನಿಂದ ಬಂದ ದಿನ, ಮಾವ ಕಟ್ಟೆಯ ಮೇಲಿಂದ ಎದ್ದು, ಬೀಡಿ ಎಸೆದು, ಎರಡೂ ಕೈ ಚಾಚಿದರು. ನಾನು ಮಗು ಕೊಡಲಿಲ್ಲ.

"ಬೀಡಿ ಸೇದಿದ ಕೈಯಲ್ಲಿ ಮಗೂನ ಎತ್ಕೋಬೇಡಿ ಮಾವ. ಎಳೇ ಕೂಸು, ಅದಕ್ಕೆ ಆಗಲ್ಲ," ಎಂದೆ.

ನನ್ನ ಗಂಡ ಆಟೋದವನ ಕಡೆ ಮುಖ ಮಾಡಿಕೊಂಡು ನಿಂತ. ಆರತಿ ತಟ್ಟೆ ಹಿಡಿದಿದ್ದ ಅತ್ತೆಯ ಮುಖದಲ್ಲಿ ನಾನು ಅದುವರೆಗೆ ಕಾಣದ ಒಂದು ನೆಮ್ಮದಿ ಕಂಡಿತು. ಮದುವೆಯಾದಾಗಿನಿಂದ ಆಕೆ ಹೇಳಬೇಕೆಂದಿದ್ದದ್ದನ್ನು ಬೇರೆಯವರ ಮನೆಯ ಹುಡುಗಿ ಬಂದು ಹೇಳಿದ್ದಳು.

ಮಾವ ಕೈ ತೊಳೆದುಕೊಂಡು ಬಂದರು. ನಾನು ಮೂಸಿ ನೋಡಿ ಆಗಲ್ಲ ಎಂದೆ. ಬಾಯಿ ಮುಕ್ಕಳಿಸಿ, ಏಲಕ್ಕಿ ಅಗಿದು ಬಂದರು. ಏಲಕ್ಕಿ ಹಾಕಿದ ಬೀಡಿಯ ವಾಸನೆ ಬಂತು. ಮೂರನೆಯ ಸಲ ಅವರು ಬರಲಿಲ್ಲ. ಮರುದಿನ ತೊಟ್ಟಿಲಿನಿಂದ ದೂರ, ಬಾಗಿಲ ಹತ್ತಿರ ನಿಂತು ಮಗುವನ್ನು ನೋಡುತ್ತಾ, "ಬೀಡಿ ವಾಸ್ನೆ ಇಟ್ಕಂಡು ಈ ಮಗೀನ ಮುಟ್ಟಕಿಲ್ಲ ಕಣವ್ವ. ಇದು ನನ್ ಮಾತು," ಎಂದರು. ನನಗೆ ಒಳಗೊಳಗೆ ಪಾಪ ಅನ್ನಿಸಿತು. ಆದರೂ ಮಗು ಕೊಡಲಿಲ್ಲ.

ಮಾತು ಕೊಟ್ಟದ್ದು ಸುಲಭ. ಬೀಡಿ ಬಿಟ್ಟ ಮಾವ ಒಂದು ವಾರದಲ್ಲಿ ಮನೆಯವರೆಲ್ಲರ ಮೇಲೂ ಹರಿಹಾಯ್ದು, ಹಾಲಿನವನ ಜೊತೆ ಜಗಳವಾಡಿ, ಕೊನೆಗೆ ಟಿವಿಯಲ್ಲಿ ವಾರ್ತೆ ಓದುವವಳಿಗೂ ಬೈದರು. ಆಗ ನನಗೆ ಹೊಳೆದದ್ದು ಆಫೀಸಿನ ವಿಷಯ. ನಾನು ಕೆಲಸ ಮಾಡುವುದು ವಸಂತನರಸಾಪುರದ ಒಂದು ಕಾರ್ಖಾನೆಯ ಕಚೇರಿಯಲ್ಲಿ. ಅಲ್ಲಿ ಸಿಗರೇಟು ಬಿಡಲಾಗದ ಇಬ್ಬರು ಪೆನ್ನಿನಂಥ ಒಂದು ವಸ್ತುವನ್ನು ಬಾಯಿಗಿಟ್ಟುಕೊಂಡು ಓಡಾಡುತ್ತಿದ್ದರು. ಎಳೆದರೆ ತುದಿಯಲ್ಲಿ ನೀಲಿ ದೀಪ ಹತ್ತುತ್ತಿತ್ತು, ಬಿಟ್ಟರೆ ಹಣ್ಣಿನ ವಾಸನೆಯ ಆವಿ ಬರುತ್ತಿತ್ತು. ಖಾಲಿಯಾದರೆ ಬಿಸಾಕಿ ಇನ್ನೊಂದು ಕೊಳ್ಳುವುದು. ಅದೂ ಒಳ್ಳೆಯದಲ್ಲ ಎಂದು ನನಗೂ ಗೊತ್ತಿತ್ತು. ಆದರೆ ಮನೆಯಲ್ಲಿ ನೆಮ್ಮದಿ ಬೇಕಿತ್ತು.

ಅದು ಸಿಗುತ್ತಿದ್ದದ್ದು ಕ್ಯಾತ್ಸಂದ್ರದ ಒಂದು ಮೊಬೈಲ್ ಕವರಿನ ಅಂಗಡಿಯಲ್ಲಿ. ಸುತ್ತ ಹಾಸ್ಟೆಲ್ಲುಗಳು, ಅಂಗಡಿ ತುಂಬಾ ಹುಡುಗರು. ಸೀರೆ ಉಟ್ಟ ಹೆಂಗಸು ಒಳಗೆ ಬಂದದ್ದೇ ಅವರು ದಾರಿ ಬಿಟ್ಟರು.

"ಯಾವ ಫ್ಲೇವರ್ ಬೇಕಿತ್ತು ಮೇಡಂ?" ಎಂದ ಅಂಗಡಿಯವನು.

"ನನಗಲ್ಲ. ನಮ್ಮ ಮಾವನಿಗೆ," ಎಂದೆ.

"ಆಯ್ತು ಮೇಡಂ," ಎಂದ. ಅವನು ನಂಬಲಿಲ್ಲ.

ಮಾವಿನ ಹಣ್ಣು, ಪುದೀನ, ಪಾನ್ ಮೂರೂ ಕೊಂಡೆ. ಮಾವ ಒಂದೊಂದನ್ನೂ ಎಳೆದು ನೋಡಿ, "ಹಲಸಿನ ಹಣ್ಣಿಂದು ಮಾಡಿಲ್ವಂತಾ?" ಎಂದು ಕೇಳಿದರು. ಮಾಡಿರಲಿಲ್ಲ. ತುಮಕೂರಿನವರನ್ನು ಒಂದು ಮಾತು ಕೇಳಿ ಮಾಡಬಾರದಾ ಎಂದು ಗೊಣಗಿ ಪಾನ್ ಆರಿಸಿಕೊಂಡರು. ಅತ್ತೆ ಅದಕ್ಕೆ ಬ್ಯಾಟರಿ ಬೀಡಿ ಎಂದು ಹೆಸರಿಟ್ಟರು. ಬೀಡಿಯ ಹಾಗೆ ಕಿವಿಯ ಮೇಲೆ ಸಿಕ್ಕಿಸಿಕೊಳ್ಳಲು ಹೋಗಿ ಅದು ಎರಡು ಸಲ ಸಾರಿಗೆ ಬಿದ್ದ ಮೇಲೆ, ದಾರ ಕಟ್ಟಿ ಕತ್ತಿಗೆ ಹಾಕಿಕೊಂಡರು. ಸಂಜೆ ಕೈ ಕಾಲು ತೊಳೆದು ಬಂದು ಕೈ ಚಾಚಿದರು. ಮೂಸಿ ನೋಡಿದೆ. ಬೀಡಾ ಅಂಗಡಿಯ ಮುಂದೆ ನಿಂತ ಹಾಗಿತ್ತು. ಮಗು ಕೊಟ್ಟೆ.

ಅವರು ಎಷ್ಟೋ ಹೊತ್ತು ಅಲುಗಾಡದೆ ಕೂತರು. ಮಗಳು ಅವರ ಮೀಸೆ ಹಿಡಿದು ಎಳೆದಳು. "ಕಳ್ಳಿ," ಎಂದರು. ಅವಳಿಗೆ ಅವರು ಇಟ್ಟ ಮೊದಲ ಹೆಸರು ಅದೇ.

ಒಂದು ತೊಂದರೆಯಿತ್ತು. ಒಬ್ಬನೇ ಸೇದುವುದು ಮರ್ಯಾದಸ್ಥರ ಲಕ್ಷಣವಲ್ಲ ಎಂಬುದು ಮಾವನ ನಂಬಿಕೆ. ಕುಣಿಗಲ್‌ನಲ್ಲಿ ನನ್ನ ತಮ್ಮನ ನಿಶ್ಚಿತಾರ್ಥವಾದಾಗ, ನಮ್ಮ ಕಡೆಯ ಪದ್ಧತಿಯಂತೆ ಹಿರಿಯರ ಮುಂದೆ ತಟ್ಟೆ ಬಂತು. ಎಲೆ, ಅಡಿಕೆ, ಸುಣ್ಣದ ಡಬ್ಬಿ, ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣ. ಮಾವ ತಟ್ಟೆಯಿಂದ ಬೀಡಿ ತೆಗೆಯಲಿಲ್ಲ. ಕತ್ತಿನಿಂದ ದಾರ ಬಿಚ್ಚಿ, ಬ್ಯಾಟರಿ ಬೀಡಿಯನ್ನು ತಟ್ಟೆಯಲ್ಲಿಟ್ಟು, ಎರಡೂ ಕೈಯಲ್ಲಿ ಬೀಗರ ಕಡೆ ತಳ್ಳಿದರು.

ಹೆಣ್ಣಿನ ದೊಡ್ಡಪ್ಪ ಅದನ್ನು ತಿರುಗಿಸಿ ನೋಡಿದರು. ಬೇಡ ಎಂದರೆ ಬೀಗರಿಗೆ ಅವಮಾನ. ಬಾಯಿಗಿಟ್ಟುಕೊಂಡು, ಅಂಗೈ ಮರೆ ಮಾಡಿ, ಕಡ್ಡಿ ಗೀರಿ ತುದಿಗೆ ಹಿಡಿದರು. ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು.

"ಹತ್ತಕಿಲ್ಲ ಕಣಪ್ಪ ಇದು. ಹಸಿ ಅದೆ," ಎಂದರು.

"ಬೆಂಕಿ ಬ್ಯಾಡ ಬೀಗ್ರೆ. ಸುಮ್ನೆ ಎಳೀರಿ, ಅದೇ ಹತ್ಕತದೆ," ಎಂದರು ಮಾವ.

ಅವರು ಎಳೆದರು. ನೀಲಿ ದೀಪ ಹತ್ತಿತು. ಪಂಚೆಯ ಚುಂಗಿನಲ್ಲಿ ಒರೆಸಿ ಪಕ್ಕದವರಿಗೆ ಕೊಟ್ಟರು. ಅದು ಒಂದೊಂದು ಬಾಯಿ, ಒಂದೊಂದು ಪಂಚೆ ದಾಟಿಕೊಂಡು ಚಾಪೆಯ ಆ ತುದಿಯವರೆಗೆ ಹೋಯಿತು. ವಾಪಸು ಬರುವಷ್ಟರಲ್ಲಿ ದೀಪ ಆರಿತ್ತು. ನಿಶ್ಚಿತಾರ್ಥ ಚೆನ್ನಾಗಿ ಆಯಿತು.

ಆ ವರ್ಷದ ಪಿತೃಪಕ್ಷದಲ್ಲಿ ಇನ್ನೊಂದು ಪೇಚಾಟ. ಮಾವನ ಅಪ್ಪನಿಗೆ ಎಡೆಯಲ್ಲಿ ಬೀಡಿ ಹಚ್ಚಿ ಇಡಬೇಕು. ಬೀಡಿ ಊದಿನಕಡ್ಡಿಯಲ್ಲ, ಬಾಯಲ್ಲಿಟ್ಟು ಎಳೆಯದೆ ಹತ್ತುವುದಿಲ್ಲ. ಪ್ರತಿವರ್ಷ ಮಾವನೇ ಹಚ್ಚುತ್ತಿದ್ದರು. ಈ ಸಲ, "ನಾನು ಒಂದ್ ದಮ್ ಎಳೆದ್ರೆ ಕೆಟ್ಟೆ," ಎಂದು ಮಗನಿಗೆ ಕೊಟ್ಟರು. ನನ್ನ ಗಂಡ ಒಂದು ಸಲ ಎಳೆದು, ಕಣ್ಣಲ್ಲಿ ನೀರು ತುಂಬಿಕೊಂಡು, ಗೋಡೆ ಹಿಡಿದು ಕೆಮ್ಮಿದ. ಬೀಡಿ ಹತ್ತಿತು. ಬಾಗಿಲು ಮುಚ್ಚಿ ಹೊರಗೆ ಕೂತಾಗ, ಮೊಮ್ಮಗಳನ್ನು ತೊಡೆಯ ಮೇಲಿಟ್ಟುಕೊಂಡು ಮಾವ ಹೇಳಿದರು: "ನಾಳೆ ನಂಗೆ ಈ ಬ್ಯಾಟರಿದನ್ನೇ ಇಡ್ರಪ್ಪ. ಬೀಡಿ ಗೀಡಿ ಇಟ್ರೆ ನಾನು ಎಡೆ ಮುಟ್ಟಕಿಲ್ಲ."

ಈ ಮಾತನ್ನು ನಾನು ಮನಸ್ಸಿನಲ್ಲಿಟ್ಟುಕೊಂಡೆ.

ಆಮೇಲೆ ನಿಷೇಧ ಬಂತು. ಅಂಗಡಿಯವನು ಹೇಳಿದ ಪ್ರಕಾರ ನಮ್ಮ ರಾಜ್ಯದಲ್ಲಿ ಮೊದಲೇ ನಿಷೇಧವಾಗಿತ್ತಂತೆ. ಅದು ಮಾರುವವನಿಗೂ ಕೊಳ್ಳುವವರಿಗೂ ಅಷ್ಟಾಗಿ ತಿಳಿದಿರಲಿಲ್ಲ. ಎರಡನೆಯ ಸಲ ದೆಹಲಿಯಿಂದಲೇ ಆಯಿತು, ಟಿವಿಯಲ್ಲಿ ಬಂತು, ಎಲ್ಲರಿಗೂ ತಿಳಿಯಿತು. ಮಾರುವಂತಿಲ್ಲ, ತರಿಸುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ. ವಾರ್ತೆ ಮುಗಿಯುವವರೆಗೂ ಮಾವ ಕತ್ತಿನ ದಾರ ಹಿಡಿದುಕೊಂಡೇ ಕೂತಿದ್ದರು.

"ಬೀಡಿಗೂ ಬಂತಾ?" ಎಂದು ಕೇಳಿದರು.

"ಇಲ್ಲ ಮಾವ. ಬೀಡಿ ಇರುತ್ತೆ," ಎಂದೆ.

"ಅದೆಂಗೆ?"

ಅದು ಹೇಗೆ ಎಂದು ನನಗೂ ಗೊತ್ತಿರಲಿಲ್ಲ. ಚಿಕ್ಕ ಮಕ್ಕಳು ಕಲಿಯುತ್ತಾರಂತೆ ಎಂದೆ. ಆ ಮಾತು ಸುಳ್ಳಲ್ಲ. ಕ್ಯಾತ್ಸಂದ್ರದ ಅಂಗಡಿಯಲ್ಲಿ ಮೀಸೆ ಚಿಗುರದ ಹುಡುಗರನ್ನು ನಾನೇ ನೋಡಿದ್ದೆ. ಹುಡುಗರು ಕಲಿಯಬಾರದೆಂಬುದಕ್ಕೆ ನನ್ನ ಒಪ್ಪಿಗೆಯೂ ಇತ್ತು. ನಮ್ಮ ಮಾವ ಹುಡುಗರಾಗಿರಲಿಲ್ಲ, ಅಷ್ಟೆ.

ಅಂಗಡಿಯವನು ಅಡಿಯ ಡ್ರಾಯರಿನಿಂದ ಕೊನೆಯದೊಂದನ್ನು ತೆಗೆದು ಕಾಗದದಲ್ಲಿ ಸುತ್ತಿ ಕೊಟ್ಟ. ಮತ್ತೆ ಬರಬೇಡಿ ಎಂದ. ಅವನ ವ್ಯಾಪಾರವೂ ಮಲಗಿತು. "ಹುಡುಗ್ರನ್ನ ಕರ್ಕಂಡ್ ಬರ್ತಿದ್ದಿದ್ದೇ ಅದು ಮೇಡಂ. ಅದಕ್ಕೆ ಬಂದೋರು ಕವರ್ ತಗಳೋರು, ಟೆಂಪರ್ ಗ್ಲಾಸ್ ಹಾಕ್ಸೋರು. ಈಗ ಎಲ್ಲಾ ಅಲ್ಲವ್ರೆ ನೋಡಿ," ಎಂದು ಪಕ್ಕದ ಪೆಟ್ಟಿಗೆ ಅಂಗಡಿ ತೋರಿಸಿದ. ಅಲ್ಲಿ ಹುಡುಗರು ಸಾಲಾಗಿ ನಿಂತು ಸಿಗರೇಟು ಸೇದುತ್ತಿದ್ದರು. ನಮ್ಮ ಆಫೀಸಿನ ಇಬ್ಬರೂ ತಿಂಗಳೊಳಗೆ ಕಾರ್ಖಾನೆಯ ಗೇಟಿನ ಹೊರಗಿನ ಟೀ ಅಂಗಡಿಗೆ, ಅದೇ ಹಳೆಯ ಸಿಗರೇಟಿಗೆ ವಾಪಸಾದರು. ಜೊತೆಯಲ್ಲೇ ಕೆಮ್ಮುತ್ತಾ ಒಳಗೆ ಬರುತ್ತಿದ್ದರು.

ನಾನು ಅವರಿಗೆ ನಮ್ಮ ಮಾವನ ಉದಾಹರಣೆ ಕೊಡುತ್ತಿದ್ದೆ. ಯಾಕೆಂದರೆ ಮಾವ ಮಾತ್ರ ವಾಪಸಾಗಲಿಲ್ಲ. ಕೊನೆಯ ಬ್ಯಾಟರಿ ಬೀಡಿ ಖಾಲಿಯಾಯಿತು, ನೀಲಿ ದೀಪ ಆರಿತು. ಅವರು ಅದನ್ನು ಬಿಸಾಕಲಿಲ್ಲ. ಕತ್ತಿನಲ್ಲೇ ಇಟ್ಟುಕೊಂಡು, ಊಟವಾದ ಮೇಲೆ ಕಟ್ಟೆಯ ಮೇಲೆ ಕೂತು ಖಾಲಿಯದನ್ನೇ ಎಳೆಯುತ್ತಿದ್ದರು. ಬರೀ ಗಾಳಿ. ಕೆಲವು ದಿನ ಹಾಲಿನವನ ಜೊತೆ ಜಗಳವಾಯಿತು. ಆಮೇಲೆ ತಣ್ಣಗಾದರು, ಮೊದಲಿಗಿಂತ ಸಮಾಧಾನವಾದರು. ಅರವತ್ತು ದಾಟಿದ ಮನುಷ್ಯ ಬರೀ ಗಾಳಿ ಕುಡಿದುಕೊಂಡು ಬಿಟ್ಟಿದ್ದಾರೆ, ನಿಮಗೇನಾಗಿದೆ ಎಂದು ನಾನು ಆ ಇಬ್ಬರಿಗೂ ಛೀಮಾರಿ ಹಾಕುತ್ತಿದ್ದೆ. ನನಗೆ ನನ್ನ ಮಾವನ ಬಗ್ಗೆ ಹೆಮ್ಮೆಯಿತ್ತು. ನನ್ನ ಬಗ್ಗೆ ಅದಕ್ಕಿಂತ ಸ್ವಲ್ಪ ಹೆಚ್ಚಿತ್ತು.

ಮಗಳು ಬೆಳೆದಳು. ಮಾವ ತೋಟದಿಂದ ಬರುವ ಹೊತ್ತಿಗೆ ಗೇಟಿಗೆ ಜೋತುಬಿದ್ದು ಕಾಯುತ್ತಿದ್ದಳು. ಅವರು ಕಾಯಿಯ ಚೀಲ ಇಳಿಸಿ ಅವಳನ್ನು ಎತ್ತಿಕೊಳ್ಳುತ್ತಿದ್ದರು. ಯಾವಾಗಲೂ ಅವರ ತಲೆ ಒದ್ದೆಯಾಗಿರುತ್ತಿತ್ತು. ಬಿಸಿಲಿಗೆ ಪಂಪ್‌ಸೆಟ್ಟಿನ ನೀರಿನಲ್ಲಿ ಮುಳುಗಿ ಬರುತ್ತಾರೆ ಎಂದುಕೊಂಡಿದ್ದೆ. ಚಳಿಗಾಲದಲ್ಲೂ ಒದ್ದೆಯೇ. "ಈ ಚಳೀಲಿ ತಲೆಗೆ ನೀರು ಹಾಕ್ಕೊಂಡು ಬಸ್ಸಲ್ಲಿ ಬರ್ತೀರಲ್ಲ, ನೆಗಡಿ ಆಗಲ್ವಾ?" ಎಂದು ಗದರಿಸಿ ಟವಲ್ಲು ಕೊಡುತ್ತಿದ್ದೆ. ಒಂದು ಸಲ ನಾವೆಲ್ಲ ತೋಟಕ್ಕೆ ಹೋದಾಗ, ಪಂಪ್‌ಮನೆಯ ಮೊಳೆಗೆ ಅಲ್ಲಲ್ಲಿ ಸಣ್ಣ ತೂತು ಬಿದ್ದ ಹಳೆಯ ಅಂಗಿ ನೇತಾಡುತ್ತಿತ್ತು. ಕಿಟಕಿಯ ಮೇಲೆ ಕೆಂಪು ಸೋಪು. ಕೆಲಸದ ಅಂಗಿ ಎಂದುಕೊಂಡೆ. ನುಸಿ ತಿಂದಿದೆ, ಬಿಸಾಕಿ ಎಂದೆ. ಮಾವ ಆಯ್ತು ಎಂದರು.

ಹೋದ ವರ್ಷ ಬೇಸಿಗೆಯಲ್ಲಿ ಮಾವ ತೀರಿಕೊಂಡರು. ಎದೆ ನೋವು ಎಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು, ಕರೆದುಕೊಂಡು ಬರಲಿಲ್ಲ. ಅಲ್ಲಿ ಡಾಕ್ಟರು, "ಸೇದ್ತಿದ್ರಾ?" ಎಂದು ಕೇಳಿದ್ದರು. "ಬಿಟ್ಟು ಎಷ್ಟೋ ವರ್ಷವಾಯಿತು ಡಾಕ್ಟ್ರೇ, ಒಂದೂ ಮುಟ್ಟಿಲ್ಲ," ಎಂದು ನಾನು ಹೇಳಿದೆ. ಪಕ್ಕದಲ್ಲಿದ್ದ ಅತ್ತೆ ಸೆರಗು ಸರಿಮಾಡಿಕೊಂಡರು.

ಪಿತೃಪಕ್ಷ ಹತ್ತಿರ ಬಂದಾಗ ನನಗೆ ಇದ್ದದ್ದು ಒಂದೇ ಚಿಂತೆ. ಮಾವನಿಗೆ ಮೊದಲನೆಯ ಎಡೆ. ಬೀಡಿ ಇಟ್ಟರೆ ಮುಟ್ಟುವುದಿಲ್ಲ ಎಂದು ಅವರೇ ಹೇಳಿ ಹೋಗಿದ್ದಾರೆ. ಅವರು ಕೇಳಿದ್ದನ್ನು ಇಡೋಣವೆಂದರೆ ಅದು ಅಂಗಡಿಯಲ್ಲಿಲ್ಲ. ಜಿಲ್ಲೆಯಲ್ಲಿ ಬೀಡಿ, ಬ್ರಾಂದಿ, ಹೊಗೆಸೊಪ್ಪು ಎಲ್ಲ ಹಿರಿಯರಿಗೂ ಸಲೀಸಾಗಿ ಸಿಗುತ್ತಿತ್ತು, ನಮ್ಮ ಮಾವನಿಗೆ ಮಾತ್ರ ಇಲ್ಲ. ಆಫೀಸಿನಿಂದ ಬರುವಾಗ ಕ್ಯಾತ್ಸಂದ್ರದಲ್ಲಿ ಇಳಿದೆ. ಅಂಗಡಿ ಅರ್ಧವಾಗಿತ್ತು. ಉಳಿದರ್ಧದಲ್ಲಿ ಕಬ್ಬಿನ ಹಾಲಿನ ಯಂತ್ರ. ಅಂಗಡಿಯವನ ಜೇಬಿನಲ್ಲಿ ಸಿಗರೇಟು ಪ್ಯಾಕಿತ್ತು.

"ಮೆಲ್ಲಗೆ ಮೇಡಂ," ಎಂದು ಆಚೀಚೆ ನೋಡಿದ. "ನಾನು ಮುಟ್ಟಕ್ಕೆ ಹೋಗಲ್ಲ. ಫೋನ್ ಮಾಡಿದ್ರೆ ಸ್ಕೂಟ್ರಲ್ಲಿ ತಂದ್ಕೊಡೋರು ಅವ್ರೆ. ಆದ್ರೆ ಹಳೇದಲ್ಲ, ಈಗ ಬರೋದು ಬ್ಯಾರೆ." ಫೋನಿನಲ್ಲಿ ಚಿತ್ರ ತೋರಿಸಿದ. ಗುಲಾಬಿ, ಹಳದಿ ಬಣ್ಣದ ಡಬ್ಬಿಗಳು, ಮಕ್ಕಳ ಆಟದ ಸಾಮಾನಿನ ಹಾಗಿದ್ದವು. ಅಸಲಿ ಯಾವುದು, ನಕಲಿ ಯಾವುದು, ಒಳಗೆ ಏನು ತುಂಬಿದ್ದಾರೆ, ತಂದುಕೊಡುವವನಿಗೂ ಗೊತ್ತಿಲ್ಲ ಎಂದ.

"ಸೇದೋದಕ್ಕಲ್ಲ. ಎಡೆಗೆ," ಎಂದೆ. "ಮಾವ ಹೋಗ್ಬಿಟ್ರು."

ಅವನು ಫೋನು ಕೆಳಗಿಟ್ಟ. "ಹಂಗಾದ್ರೆ ನಿಜ್ವಾಗ್ಲೂ ಮಾವನಿಗೇ ತಗೋತಿದ್ರಾ ಮೇಡಂ?" ಎಂದ. ಸ್ವಲ್ಪ ಯೋಚಿಸಿ, "ಸತ್ತೋರಿಗೂ ಬ್ಯಾನ್ ಇರುತ್ತಾ?" ಎಂದು ಕೇಳಿದ. ನಾನು ಕಾಯ್ದೆ ಓದಿರಲಿಲ್ಲ. ಒಂದು ಲೋಟ ಕಬ್ಬಿನ ಹಾಲು ಕುಡಿದು ಮನೆಗೆ ಬಂದೆ. ಮಾವನ ಕತ್ತಿನಲ್ಲಿದ್ದ ಖಾಲಿಯದನ್ನೇ ಒರೆಸಿ ತೆಗೆದಿಟ್ಟೆ.

ಹಬ್ಬದ ದಿನ ಎಡೆಗೆ ಮುದ್ದೆ, ಕೋಳಿ ಸಾರು, ವಡೆ, ಎಳನೀರು, ಹೊಸ ಪಂಚೆ. ನಾನು ಅಡುಗೆ ಮನೆಯಿಂದ ಪಾಯಸ ತರುವಷ್ಟರಲ್ಲಿ, ಮಾವನ ಎಲೆಯ ಪಕ್ಕದಲ್ಲಿ ಅತ್ತೆ ಒಂದು ಕಟ್ಟು ಬೀಡಿ ಇಡುತ್ತಿದ್ದರು. ನನಗೆ ನೆತ್ತಿಗೇರಿತು.

"ಅದನ್ನ ತೆಗೀರಿ ಅತ್ತೆ. ಆ ಮನುಷ್ಯ ಅಷ್ಟು ಕಷ್ಟಪಟ್ಟು ಬಿಟ್ಟಿದ್ದಾರೆ. ಸತ್ತ ಮೇಲೆ ಕೊಟ್ಟು ಕೆಡಿಸ್ತೀರಾ?"

ಅತ್ತೆ ತೆಗೆಯಲಿಲ್ಲ. ಕೂತಲ್ಲಿಂದಲೇ ನನ್ನ ಮುಖ ನೋಡಿದರು.

"ಎಲ್ ಬಿಟ್ರು? ಆ ಬ್ಯಾಟರಿದು ಮುಗಿದ್ಮೇಲೆ ಒಂದ್ ತಿಂಗ್ಳೂ ತಡೀನಿಲ್ಲ ನಿಮ್ಮಾವ. ತ್ವಾಟಕ್ಕೋಗಿ ಸೇದೋರು. ಅದಕ್ಕೇ ಅಂತ ಒಂದು ಅಂಗಿ ಮಡಗಿದ್ರು ಪಂಪ್‌ಮನೇಲಿ. ಸೇದಿ, ತಲೆಯಿಂದ ಕಾಲ್ಗಂಟ ಸೋಪ್ ಹಾಕಿ ತಿಕ್ಕಂಡು, ಒಗ್ದಿರೋ ಅಂಗಿ ತೊಟ್ಕಂಡು ಬಸ್ ಹತ್ತೋರು."

"ನಿಮಗೆ ಯಾರು ಹೇಳಿದ್ದು?"

"ಯಾರ್ ಹೇಳ್ಬೇಕು? ಸೋಪ್ ಕೊಟ್ಟು ಕಳಿಸ್ತಿದ್ದೋಳು ನಾನು."

ನನಗೆ ಮೊದಲು ಬಂದದ್ದು ಸಿಟ್ಟು. ಆಫೀಸಿನ ಇಬ್ಬರ ಮುಖ ನೆನಪಾಯಿತು, ಡಾಕ್ಟರ ಮುಖ ನೆನಪಾಯಿತು. ಇಷ್ಟು ವರ್ಷ ಖಾಲಿ ಬ್ಯಾಟರಿ ಬೀಡಿ ಎಳೆದು ತೋರಿಸಿದ್ದು ನನ್ನೊಬ್ಬಳಿಗಾಗಿ.

"ನನಗ್ಯಾಕೆ ಹೇಳಲಿಲ್ಲ ಅತ್ತೆ?"

"ಹೇಳಿದ್ರೆ ಮಗೀನ ಕೊಡ್ತಿದ್ದೇನವ್ವಾ?"

ಕೊಡುತ್ತಿರಲಿಲ್ಲ. ಪಾಯಸದ ಪಾತ್ರೆ ಕೆಳಗಿಟ್ಟೆ. ಚಳಿಗಾಲದ ಸಂಜೆ ಒದ್ದೆ ತಲೆಯಲ್ಲಿ ಗೇಟಿನ ಹತ್ತಿರ ನಡುಗುತ್ತಾ ನಿಲ್ಲುತ್ತಿದ್ದ ಮನುಷ್ಯ ಕಣ್ಣ ಮುಂದೆ ಬಂದರು. ಬೀಡಿ ವಾಸನೆ ಇಟ್ಟುಕೊಂಡು ಮಗುವನ್ನು ಮುಟ್ಟುವುದಿಲ್ಲ ಎಂದಿದ್ದರು. ಒಂದು ದಿನವೂ ಮುಟ್ಟಿರಲಿಲ್ಲ. ನನಗೆ ಅಳು ಬಂತು, ಅತ್ತುಬಿಟ್ಟೆ.

ನನ್ನ ಗಂಡ ಬೀಡಿ ಹಚ್ಚಲು ಮುಂದೆ ಬಂದ, ಈಗಾಗಲೇ ಕೆಮ್ಮಿಗೆ ಸಿದ್ಧನಾಗಿದ್ದ. ಕೊಡಿ ಇಲ್ಲಿ ಎಂದು ನಾನು ತೆಗೆದುಕೊಂಡೆ. ಕಡ್ಡಿ ಗೀರಿ ತುದಿಗೆ ಹಿಡಿದೆ. ಕಪ್ಪಾಯಿತು, ಹತ್ತಲಿಲ್ಲ.

"ಎಳೀಬೇಕು ಕಣವ್ವ. ಇಲ್ದಿದ್ರೆ ಹತ್ತಕಿಲ್ಲ," ಎಂದರು ಅತ್ತೆ.

ಎಳೆದೆ. ಗಂಟಲಿಗೆ ಬೆಂಕಿ ಹೊಕ್ಕ ಹಾಗಾಯಿತು, ಬೀಡಿ ಹತ್ತಿತು. ಅದನ್ನು ಎಲೆಯ ಅಂಚಿಗಿಟ್ಟೆ. ಖಾಲಿ ಬ್ಯಾಟರಿ ಬೀಡಿಯನ್ನೂ ಪಕ್ಕದಲ್ಲೇ ಇಟ್ಟೆ. ಮಾವ ಯಾವುದು ಬೇಕಾದರೂ ತೆಗೆದುಕೊಳ್ಳಲಿ. ಧೂಪ ಹಾಕಿ, ಬಾಗಿಲು ಮುಚ್ಚಿ ಹೊರಗೆ ಬಂದು ಕೂತೆವು.

ಸ್ವಲ್ಪ ಹೊತ್ತಿಗೆ ಬಾಗಿಲ ಸಂದಿಯಿಂದ ಬೀಡಿಯ ವಾಸನೆ ಬಂತು. ಮಗಳು ಮೂಗು ಮುಚ್ಚಿಕೊಂಡು, ಇದೇನು ವಾಸನೆ ಎಂದಳು.

"ತಾತನ ಬೀಡಿ," ಎಂದೆ.

"ಇದು ತಾತನ ವಾಸ್ನೆ ಅಲ್ಲಮ್ಮ," ಎಂದಳು. "ತಾತ ಸೋಪ್ ವಾಸ್ನೆ ಬರ್ತಿದ್ರು."

ಎಡೆ ಇಟ್ಟು ಬಾಗಿಲು ಮುಚ್ಚಿದ ಮೇಲೆ ಯಾರೂ ಒಳಗೆ ಹೋಗಬಾರದು. ನಾನು ಎದ್ದು ಬಚ್ಚಲಿಗೆ ಹೋಗಿ, ಕೆಂಪು ಸೋಪು ತೆಗೆದುಕೊಂಡು, ಬಾಗಿಲು ತೆರೆದು, ಬೀಡಿಯ ಪಕ್ಕದಲ್ಲಿಟ್ಟು ಬಂದೆ. ಅತ್ತೆ ತಡೆಯಲಿಲ್ಲ. ನಾನು ಬಂದು ಕೂತ ಮೇಲೆ, "ಟವಲ್ಲು ಮಡಗ್ದಾ?" ಎಂದು ಕೇಳಿದರು.

ಮರೆತಿದ್ದೆ. ಮತ್ತೆ ಎದ್ದು ಹೋದೆ.